ನಲವತ್ತು ಜನ ನಿಂತಿರುವ ಒಂಟಿ ಸೀಟಿನ ಗಾಡಿ

ಸ್ಟೇರಿಂಗಿನ ಹಿಂದೆ ಕೂರಿಸಿರುವ ಮೋಟಾರಿಗೆ ಒಂಬತ್ತು ಸಾವಿರ ರೂಪಾಯಿ. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಮೂರೂ ಸೇರಿ ಎರಡು ಸಾವಿರದ ಎಂಟುನೂರು. ಸೀಟು ಗುಜರಿಯದು, ಹೊಲಿಸಿದ ಕೂಲಿಯೂ ಸೇರಿ ಆರುನೂರು. ಸ್ಪೀಕರು ಜೋಡಿಗೆ ನಾಲ್ಕು ಸಾವಿರ. ಪರದೆಗೆ ಮೂವತ್ತೆರಡು ಸಾವಿರ. ಕೋಣೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಆ ಪರದೆಯೇ. ಬೆಳಿಗ್ಗೆ ಐದೂಮುಕ್ಕಾಲಿಗೆ ಬರುವ ಬೆಟ್ಟಯ್ಯ ಮೊದಲು ಅದನ್ನು ಆರಿಸುತ್ತಾರೆ.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ತಗಡು ಒತ್ತುವ ಒಂದು ಪ್ರೆಸ್ ಶೆಡ್ಡಿಗೆ ಅಂಟಿಕೊಂಡ ಕೋಣೆ ಇದು. ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ, ಒಳಗೆ ಲೈಟು ಹಾಕಿಲ್ಲ. ಬೆಟ್ಟಯ್ಯ ಸೀಟನ್ನು ಒಮ್ಮೆ ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡು ಕೂರುತ್ತಾರೆ. ಗುಂಡಿ ಒತ್ತುತ್ತಾರೆ. ಯಾರೂ ಮುಟ್ಟದ ಸ್ಟೇರಿಂಗು ತಾನೇ ಎಡಕ್ಕೆ ಕೊನೆಯವರೆಗೂ ತಿರುಗುತ್ತದೆ. ಆಮೇಲೆ ಬಲಕ್ಕೆ ಕೊನೆಯವರೆಗೂ. ನಡುವಿಗೆ ಬಂದು ನಿಲ್ಲುತ್ತದೆ. ಅಷ್ಟು ಹೊತ್ತೂ ಅವರು ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಾರೆ.

"ತನ್ನ ಎರಡೂ ಕೊನೆ ಎಲ್ಲೈತೆ ಅಂತ ನೋಡ್ಕಂಡು ಬರ್ತೈತೆ ಸಾರ್. ಮೊದ್ಲ ದಿನ ಎದ್ದು ಓಡೋಗಿದ್ದೆ," ಎಂದು ನೋಡಲು ಬಂದ ನನ್ನತ್ತ ತಿರುಗಿ ನಗುತ್ತಾರೆ.

ಇಂಜಿನ್ ಶುರುವಾಗುತ್ತದೆ. ಸ್ಪೀಕರಿನಿಂದ ಬರುವ ಸದ್ದಾದರೂ ಎದೆಗೆ ಬಡಿಯುತ್ತದೆ. ಕಂಪ್ಯೂಟರಿನೊಳಗೆ ಓಡುತ್ತಿರುವುದು ಅರವತ್ತರ ದಶಕದ ರೇಸ್ ಕಾರು. ಕೊಳವೆಯಂಥ ಒಡಲು, ಅದರಿಂದ ಆಚೆಗೆ ಚಾಚಿದ ನಾಲ್ಕು ಸಪೂರ ಚಕ್ರ, ಬೆನ್ನ ಹಿಂದೆ ಇಂಜಿನ್, ಒಬ್ಬನೇ ಕೂರುವ ಜಾಗ. ಬೆಟ್ಟಯ್ಯ ಕಪ್ಪು ಪರದೆಯ ಕಡೆಗೂ ನೋಡುವುದಿಲ್ಲ, ತಲೆ ಸ್ವಲ್ಪ ಎಡಕ್ಕೆ ವಾಲಿಸಿಕೊಂಡಿರುತ್ತಾರೆ. ಪ್ರತಿ ತಿರುವಿಗೂ ಮೊದಲು ಮೆತ್ತಗೆ ಒಂದು ಮಾತು ಹೇಳುತ್ತಾರೆ.

"ಹಿಡ್ಕಳಿ... ಹಿಡ್ಕಳ್ರವ್ವಾ."

ಕೋಣೆಯಲ್ಲಿ ಹೆಂಗಸರು ಯಾರೂ ಇಲ್ಲ.

ಬೆಟ್ಟಯ್ಯನಿಗೆ ಈಗ ಐವತ್ತೆಂಟು. ಕೆಂಗೇರಿಯ ಹಳೆ ಊರಿನವರು. ಇಪ್ಪತ್ತಮೂರು ವರ್ಷ ಒಂದೇ ಕೆಲಸ ಮಾಡಿದರು: ಕೆಂಗೇರಿಯಿಂದ ಪೀಣ್ಯದ ಗಾರ್ಮೆಂಟ್ಸ್‌ಗೆ ಹೆಣ್ಣಾಳುಗಳನ್ನು ಒಯ್ಯುವ ಖಾಸಗಿ ಬಸ್ಸಿನ ಡ್ರೈವರ್. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಎಡಗಡೆಯಿಂದ ಬಂದ ಸೈಕಲ್ಲು ಅವರಿಗೆ ಕಾಣಲೇ ಇಲ್ಲ. ಕ್ಲೀನರ್ ಕೂಗಿದ್ದರಿಂದ ಸೈಕಲ್ಲಿನವನು ಉಳಿದ. ಬೆಟ್ಟಯ್ಯ ಬಸ್ಸು ಪಕ್ಕಕ್ಕೆ ಹಾಕಿ, ಕೀಲಿಯನ್ನು ಕ್ಲೀನರ್ ಕೈಗೆ ಕೊಟ್ಟು, ನಡೆದುಕೊಂಡು ಮನೆಗೆ ಹೋದರು. ಗ್ಲಾಕೋಮಾ ಎಂದರು ಡಾಕ್ಟರು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗುತ್ತಾ ಹೋಗುವ ಕಾಯಿಲೆ. ಹೋದದ್ದು ಬರುವುದಿಲ್ಲ, ಇದ್ದದ್ದು ಎಷ್ಟು ದಿನ ಇರುತ್ತದೋ ಹೇಳಲಾಗುವುದಿಲ್ಲ.

ಆಮೇಲೆ ಇಲ್ಲಿಗೆ ವಾಚ್‌ಮನ್ ಆಗಿ ಸೇರಿದರು. ಇದು ಅಂಬುಜಾ ಅವರ ಪುಟ್ಟ ಕಂಪನಿ. ಅವರು ಮೆಕ್ಯಾನಿಕಲ್ ಇಂಜಿನಿಯರ್. ಹಳೆ ಕಾರುಗಳ ವಿದೇಶಿ ಮ್ಯೂಸಿಯಂ ಒಂದು ಹನ್ನೆರಡು ಸಿಮ್ಯುಲೇಟರ್, ಅಂದರೆ ನಿಂತಲ್ಲೇ ಕಾರು ಓಡಿಸುವ ಯಂತ್ರ, ಕೇಳಿದೆ. ಬಂದ ಜನ ಕೂತು, ಹಿಂದಿನ ಕಾಲದ ರೇಸ್ ಕಾರು ಓಡಿಸಿದ ಅನುಭವ ಪಡೆಯಬೇಕು. ಒಂದು ದಿನ ಸ್ಟೇರಿಂಗಿನಲ್ಲಿ ಏನೋ ಸರಿಯಿಲ್ಲ ಎಂದು ಅಂಬುಜಾ ಮತ್ತು ಸಾಫ್ಟ್‌ವೇರ್ ಬರೆಯುವ ಶ್ರೀಶ ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದರು. ಟೀ ತಂದಿಟ್ಟ ವಾಚ್‌ಮನ್ ಹಾಗೇ ಕೈಯಾಡಿಸಿ, "ಎಡಗಡೆ ಬುಷ್ ಸವೆದೈತೆ ಕಣಮ್ಮ" ಎಂದರು. ಬಿಚ್ಚಿ ನೋಡಿದರೆ ನಿಜ, ಸ್ಟೇರಿಂಗಿನ ದಂಡವನ್ನು ಹಿಡಿದಿಡುವ ಬಳೆ ಸವೆದಿತ್ತು. ಮಾರನೆಯ ವಾರದಿಂದ ಅವರು ಪರೀಕ್ಷೆ ಮಾಡುವ ಡ್ರೈವರ್.

"ಹೊಸ ಕಾರಿಗೆ ಗಾಳಿ ಒತ್ತೋ ರೆಕ್ಕೆ ಇರುತ್ತೆ, ರಸ್ತೆಗೆ ಅಂಟ್ಕೊಂಡಿರುತ್ತೆ. ನಮ್ಮ ತಪ್ಪೆಲ್ಲ ಅದರಲ್ಲಿ ಮುಚ್ಚಿಹೋಗುತ್ತೆ," ಎನ್ನುತ್ತಾರೆ ಅಂಬುಜಾ. "ಈ ಹಳೇದು ಹಾಗಲ್ಲ. ಒಂದು ಬೋಲ್ಟ್ ಸಡಿಲ ಇದ್ರೂ ಕೈಗೆ ಹೇಳಿಬಿಡುತ್ತೆ. ಕೇಳಿಸಿಕೊಳ್ಳೋ ಕೈ ಬೇಕು ಅಷ್ಟೇ."

ಆದರೆ ಕಾರು ರಸ್ತೆಯ ಮೇಲಿದ್ದರೆ ತಾನೇ ಕೈಗೆ ಏನಾದರೂ ತಿಳಿಯುವುದು? ಅದಕ್ಕೆ ಕಣ್ಣು ಬೇಕು. ಹೋದ ವರ್ಷ ಮಳೆಗಾಲದಲ್ಲಿ ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿಗೆ ಆರೇಳು ತಿಂಗಳು ಎಂದರು ಡಾಕ್ಟರು. ಬೆಟ್ಟಯ್ಯ ಇದನ್ನು ಮುಚ್ಚಿಡದೆ ಅಂಬುಜಾ ಅವರಿಗೆ ಹೇಳಿದರು. ಅವರೂ ನೇರವಾಗಿಯೇ ಹೇಳಿದರು: ಮಾರ್ಚ್ ಮೊದಲ ವಾರದಿಂದ ಹನ್ನೆರಡು ಯಂತ್ರಗಳ ಪರೀಕ್ಷೆ ಶುರುವಾಗುತ್ತದೆ, ಅಷ್ಟರೊಳಗೆ ಪರದೆಯಿಲ್ಲದೆ ಹತ್ತು ಸುತ್ತು, ಒಮ್ಮೆಯೂ ರಸ್ತೆ ಬಿಡದೆ ಓಡಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ. ಕುರುಡನಿಗೆ ವಾಚ್‌ಮನ್ ಕೆಲಸವನ್ನೂ ಯಾರೂ ಕೊಡುವುದಿಲ್ಲ. ಆ ಲೆಕ್ಕ ಬೆಟ್ಟಯ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂದಿನಿಂದ, ಇನ್ನೂ ಕಾಣುತ್ತಿದ್ದಾಗಲೇ, ಪರದೆ ಆರಿಸಿ ಕೂರತೊಡಗಿದರು. ಪಕ್ಕದ ಶೆಡ್ಡಿನ ಪ್ರೆಸ್ ಏಳಕ್ಕೆ ಬಡಿಯಲು ಶುರುಮಾಡುತ್ತದೆ. ಅದಕ್ಕೂ ಮುಂಚಿನ ಒಂದು ಗಂಟೆ ಅವರದು.

ರಸ್ತೆ ಯುರೋಪಿನ ಯಾವುದೋ ಕಾಡಂಚಿನದು. ಹಳೆ ನಕ್ಷೆ, ಫೋಟೊ ನೋಡಿ ಶ್ರೀಶ ಕಂಪ್ಯೂಟರಿನಲ್ಲಿ ಕಟ್ಟಿದ್ದಾನೆ. ಅಸಲಿ ರಸ್ತೆ ಮುಚ್ಚಿ ಮೂವತ್ತು ವರ್ಷವಾಗಿದೆ, ಈಗ ಅಲ್ಲಿ ಬರೀ ಹುಲ್ಲು. ಐದು ಕಿಲೋಮೀಟರ್, ಹದಿನಾಲ್ಕು ತಿರುವು. ಮರಗಳಿವೆ, ಕಲ್ಲಿನ ಗೋಡೆಯಿದೆ, ಸೇತುವೆಯಿದೆ, ಸಾವಿರಾರು ಜನ ಕೂರುವ ಗ್ಯಾಲರಿಯಿದೆ. ಜನರಿಲ್ಲ. ಜನರನ್ನು ಮಾಡಲು ಇನ್ನೂ ಸಮಯ ಸಿಕ್ಕಿಲ್ಲ ಎನ್ನುತ್ತಾನೆ ಶ್ರೀಶ.

"ಕಣ್ಣಿದ್ದಾಗ ನೋಡಿದೀನಲ್ಲ ಸಾರ್," ಎನ್ನುತ್ತಾರೆ ಬೆಟ್ಟಯ್ಯ. "ನಮ್ಮಜ್ಜಿ ಹೇಳೋಳು, ಪ್ಲೇಗಮ್ಮ ಬಂದಾಗ ಊರೋರೆಲ್ಲ ಮನೆ ಬುಟ್ಟು ಹೊಲದಾಗೆ ಗುಡ್ಲು ಹಾಕ್ಕಂಡಿದ್ರಂತೆ. ಆಗ ಊರು ಹಿಂಗೇ ಇದ್ದಿರ್ಬೇಕು. ಎಲ್ಲಾ ಐತೆ, ಒಂದ್ ಕಾಗೆ ಇಲ್ಲ."

ಈ ಕಾರು ಓಡಿಸುತ್ತಿದ್ದವರೆಲ್ಲ ಈಗ ಎಲ್ಲಿದ್ದಾರೆ ಎಂದು ಅವರು ಶ್ರೀಶನನ್ನು ಒಮ್ಮೆ ಕೇಳಿದ್ದರಂತೆ. "ತುಂಬ ಜನ ಇದರಲ್ಲೇ ಹೋದ್ರು ಬೆಟ್ಟಯ್ಯನೋರೇ," ಎಂದ ಹುಡುಗ. ಸೀಟು ಮುಟ್ಟಿ ನಮಸ್ಕರಿಸುವುದು ಆವತ್ತಿನಿಂದ. "ಇನ್ನೊಬ್ರ ಜಾಗ. ಕೇಳಿ ಕೂತ್ಕಬೇಕು."

ಕಿವಿಯ ರಸ್ತೆ ಬೇರೆಯೇ. ಸೇತುವೆಯ ಕೆಳಗೆ ಇಂಜಿನ್ ಸದ್ದು ತಟ್ಟನೆ ಹತ್ತಿರ ಬರುತ್ತದೆ. ಗೋಡೆಯ ಪಕ್ಕ ಎಡಗಿವಿಗೆ ಮಾತ್ರ ಮರುದನಿ. ಮರಗಳನ್ನು ದಾಟುವಾಗ ಸದ್ದು ಹರಿದು ಹರಿದು ಕೇಳುತ್ತದೆ. ಟೈರು ಹಾಡುತ್ತದೆ; ಹಾಡು ಅಳುವಾಗುವ ಮುಂಚೆ ತಿದ್ದಬೇಕು. ಸ್ಟೇರಿಂಗು ಭಾರ ಇರುವಷ್ಟು ಹೊತ್ತು ಮುಂದಿನ ಚಕ್ರ ನೆಲ ಹಿಡಿದಿದೆ ಎಂದರ್ಥ. "ಹಗುರ ಆಯ್ತೋ, ಮುಗೀತು. ಕೈಯಾಗಿನ ಮಗೂನ ಯಾರೋ ಎತ್ಕಂಡಂಗೆ ಆಗ್ತೈತೆ."

ಕಷ್ಟವಾದದ್ದು ಕಾಲು. ಬಸ್ಸಿನಲ್ಲಿ ಹೆದರಿಕೆಯಾದರೆ ಕಾಲು ತಾನೇ ಆಕ್ಸಿಲರೇಟರ್ ಬಿಡುತ್ತದೆ. ಈ ಕಾರಿನಲ್ಲಿ ತಿರುವಿನ ನಡುವೆ ಕಾಲು ತೆಗೆದರೆ ಭಾರವೆಲ್ಲ ಮುಂದಕ್ಕೆ ಹೋಗಿ, ಹಿಂಭಾಗ ಸುತ್ತಿಕೊಂಡು ಬರುತ್ತದೆ. "ಕಾಲು ತೆಗೀಬೇಡಿ, ಕಾಲು ತೆಗೀಬೇಡಿ," ಎಂದು ಶ್ರೀಶ ಗಂಟಲು ಹರಿದುಕೊಂಡ. "ನಿನ್ ರಸ್ತೇಲಿ ಒಂದ್ ಹಂಪಾದ್ರೂ ಹಾಕ್ಸಪ್ಪ ಮಗಾ, ಕಾರ್ಪೊರೇಷನ್ನೋರು ಇನ್ನೂ ಬಂದಿಲ್ವಾ ಅಲ್ಲಿಗೆ," ಎಂದು ಬೆಟ್ಟಯ್ಯ ರೇಗಿಸಿದರು. ಆದರೂ ಕಾಲು ಕೇಳಲಿಲ್ಲ. ಕಾರು ರಸ್ತೆ ಬಿಟ್ಟ ಲೆಕ್ಕವನ್ನು ಯಂತ್ರವೇ ಇಡುತ್ತದೆ: ಮೊದಲ ತಿಂಗಳು ಆರುನೂರ ಹನ್ನೊಂದು ಸಲ. ಎರಡನೆಯ ತಿಂಗಳು ಐನೂರ ಎಂಬತ್ತು. ಪ್ರತಿ ಸಲವೂ ಒಂದೇ ರೀತಿ. ಟೈರಿನ ಕಿರುಚು, ಒಂದು ಬಡಿತ, ಆಮೇಲೆ ಏನೂ ಇಲ್ಲ. ಮೂರು ಸೆಕೆಂಡಿನ ನಂತರ ಏನೂ ಆಗದವರ ಹಾಗೆ ಶುರುವಿನ ಜಾಗಕ್ಕೆ ಬಂದು ನಿಂತಿರುತ್ತಾರೆ.

"ಆ ಮೂರು ಸೆಕೆಂಡು ಇಷ್ಟ ಇಲ್ಲ ನಂಗೆ," ಎನ್ನುತ್ತಾರೆ. "ಸತ್ತು ಎದ್ ಬರೋದು ಅಭ್ಯಾಸ ಆಗ್ಬಾರ್ದು."

ದಾರಿ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಬಸ್ಸಿನಲ್ಲೂ ತಾನು ತಿರುವಿನ ನಡುವೆ ಕಾಲು ತೆಗೆಯುತ್ತಿರಲಿಲ್ಲವಲ್ಲ ಎಂದು ಅವರಿಗೆ ಹೊಳೆಯಿತು. ತೆಗೆದರೆ ನಿಂತ ಹೆಂಗಸರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ತಿರುವಿಗೆ ಮೊದಲೇ ವೇಗ ಇಳಿಸಿ, ಒಳಗೆ ಹೋದ ಮೇಲೆ ಕಾಲನ್ನು ಒಂದೇ ಸಮ ಹಿಡಿಯುತ್ತಿದ್ದರು. "ಅದಕ್ಕೇ ಈ ಒಂಟಿ ಸೀಟಿನ ಗಾಡೀಲಿ ನಲವತ್ತು ಜನ ನಿಂತವ್ರೆ ಅಂದ್ಕಂಡೆ. ಆವತ್ತಿಂದ ಕಾಲು ಮಾತು ಕೇಳ್ತು." ಆ ತಿಂಗಳು ಕಾರು ರಸ್ತೆ ಬಿಟ್ಟದ್ದು ನೂರ ನಾಲ್ಕು ಸಲ. ಜನವರಿಯಲ್ಲಿ ಹತ್ತೊಂಬತ್ತು.

ಯಾರು ಎಲ್ಲಿ ನಿಂತಿದ್ದಾರೆ ಎಂಬುದೂ ಅವರಿಗೆ ಗೊತ್ತು. ಬಾಗಿಲ ಹತ್ತಿರ ಬುತ್ತಿ ಡಬ್ಬಿಯ ಕಲ್ಯಾಣಮ್ಮ. ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಿದು ಲಗ್ಗೆರೆಯ ಶಾಂತವ್ವ. "ಅವ್ಳು ತೀರ್ಕಂಡು ಆರು ವರ್ಷ ಆಯ್ತು. ಆದ್ರೂ ನಿಂತ್ಕತಾಳೆ. ಇಳೀ ಅನ್ನೋಕಾಯ್ತದಾ?"

ಮಾರ್ಚ್ ಎರಡು, ಸೋಮವಾರ. ಬೆಳಿಗ್ಗೆ ಆರೂ ಇಪ್ಪತ್ತು. ಅಂಬುಜಾ ಒಂದು ಕುರ್ಚಿಯಲ್ಲಿ, ಶ್ರೀಶ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ. ಕಾರು ಎಲ್ಲಿದೆ ಎಂದು ಅವನಿಗೆ ಮಾತ್ರ ಕಾಣುತ್ತದೆ, ಪುಟ್ಟ ಕೆಂಪು ಚುಕ್ಕೆಯಾಗಿ. ಒಂದು ಸುತ್ತಿಗೆ ಎರಡು ನಿಮಿಷ ನಲವತ್ತು ಸೆಕೆಂಡು. ಒಂದು, ಎರಡು, ಮೂರು. "ಹಿಡ್ಕಳ್ರವ್ವಾ." ನಾಲ್ಕು, ಐದು. ಬೆಟ್ಟಯ್ಯನ ಅಂಗಿ ಬೆನ್ನಿಗೆ ಅಂಟಿದೆ. ಆರು. ಏಳನೆಯ ಸುತ್ತು ಮುಗಿಯುವ ಹೊತ್ತಿಗೆ, ಯಾವತ್ತೂ ಇಲ್ಲದ ಹಾಗೆ ಇಪ್ಪತ್ತು ನಿಮಿಷ ಮುಂಚೆ, ಪಕ್ಕದ ಶೆಡ್ಡಿನ ಪ್ರೆಸ್ ಬಡಿಯಲು ಶುರುವಾಯಿತು.

ಧಡ್. ಧಡ್. ಧಡ್. ಟೈರಿನ ಸದ್ದು ಅದರಲ್ಲಿ ಮುಳುಗಿಹೋಯಿತು. ಅಂಬುಜಾ ಎದ್ದು, "ನಿಲ್ಲಿಸಿ ಬರ್ತೀನಿ ಬೆಟ್ಟಯ್ಯ, ಇದು ಲೆಕ್ಕಕ್ಕಿಲ್ಲ," ಎಂದರು.

"ಬ್ಯಾಡ ಕಣಮ್ಮ. ಕೂತ್ಕಳಿ. ನೀವು ಓಡಾಡಿದ್ರೆ ಇವ್ರಿಗೆ ಗಾಬ್ರಿ ಆಗ್ತೈತೆ."

ಅಂಬುಜಾ ಕೂತರು. ಎಂಟನೆಯ ಸುತ್ತಿನಲ್ಲಿ ಬೆಟ್ಟಯ್ಯ ತಿರುವುಗಳಿಗೆ ಮುಂಚೆ ಮಾತಾಡುವುದನ್ನು ನಿಲ್ಲಿಸಿದರು. ತಲೆಯನ್ನು ಹಿಂದಕ್ಕೆ ಒರಗಿಸಿಕೊಂಡರು, ಹಿಂದೆ ಯಾರೋ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವವರ ಹಾಗೆ. ಒಂಬತ್ತು. ಶ್ರೀಶನ ಚುಕ್ಕೆ ರಸ್ತೆಯ ನಡುವಿನಿಂದ ಅಲುಗಲಿಲ್ಲ. ಹತ್ತು. "ಆಯ್ತು, ಆಯ್ತು ಗುರು!" ಎಂದು ಅವನು ಕೂಗಿದ್ದು ಪ್ರೆಸ್ಸಿನ ಸದ್ದಿನಲ್ಲಿ ಅರ್ಧ ಕೇಳಿಸಿತು. ಬೆಟ್ಟಯ್ಯ ಕಾರನ್ನು ಎಡಕ್ಕೆ ತೆಗೆದುಕೊಂಡು, ಮೆತ್ತಗೆ ನಿಲ್ಲಿಸಿ, ಯಾರೋ ಇಳಿಯಲು ಬೇಕಾಗುವಷ್ಟು ಹೊತ್ತು ಸುಮ್ಮನೆ ಕೂತು, ಆಮೇಲೆ ಇಂಜಿನ್ ಆರಿಸಿದರು.

"ಕೊನೇ ಮೂರು ಸುತ್ತು ಏನೂ ಕೇಳಿಸ್ಲಿಲ್ಲ," ಎಂದರು ನೀರು ಕುಡಿದು. "ಹಿಂದೆ ನಿಂತೋರು ಎತ್ಲಾಗೆ ವಾಲಿದ್ರು ಅಂತ ಬೆನ್ನಿಗೆ ಗೊತ್ತಾಯ್ತು. ಅದಕ್ಕೆ ತಕ್ಕಂಗೆ ತಿರುಗಿಸ್ದೆ."

ಶ್ರೀಶ ಸೀಟಿನ ಹಿಂದೆ ಹೋಗಿ ನೋಡಿದ. ನಾಲ್ಕು ಬೋಲ್ಟು ಹಾಕಿ ನೆಲಕ್ಕೆ ಬಿಗಿದ ಸೀಟು ಅದು. ಅದಕ್ಕೆ ಮೋಟಾರಿಲ್ಲ, ಸ್ಪ್ರಿಂಗಿಲ್ಲ, ಅಲುಗುವ ಒಂದು ಭಾಗವೂ ಇಲ್ಲ. ನಾಲ್ಕೂ ಬೋಲ್ಟನ್ನು ಇನ್ನೊಂದು ಸಲ ಬಿಗಿದು ಬಂದ.

ಏಪ್ರಿಲ್ ಹೊತ್ತಿಗೆ ಬಲಗಣ್ಣೂ ಹೋಗಿದೆ. ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುತ್ತದೆ, ಅಷ್ಟೇ. ಬೆಟ್ಟಯ್ಯ ದಿನಕ್ಕೆ ಆರು ಗಂಟೆ ಓಡಿಸುತ್ತಾರೆ, ಹನ್ನೆರಡರಲ್ಲಿ ಒಂಬತ್ತು ಯಂತ್ರಗಳನ್ನು ಪರೀಕ್ಷಿಸಿ ಮುಗಿಸಿದ್ದಾರೆ, ನಾಲ್ಕರಲ್ಲಿ ದೋಷ ಹಿಡಿದಿದ್ದಾರೆ. ಸಂಬಳ ವಾರಕ್ಕೆ ಐದು ಸಾವಿರದ ಇನ್ನೂರು. ಹೆಂಡತಿ ಲಿಂಗಮ್ಮ ಬಸ್ಸಿನಲ್ಲಿ ಕರೆತಂದು ಬಿಟ್ಟು ಹೋಗುತ್ತಾರೆ.

ಕೆಂಗೇರಿಯ ಮನೆಯ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಒಂದು ಸಂಗತಿಯನ್ನು ಹೇಳಿದವರು ಲಿಂಗಮ್ಮನೇ. "ಬಸ್ಸಲ್ಲಿ ಹೋಗ್ತಾ ಸ್ಟಾಪ್ ಹೇಳ್ರೀ ಅಂತ ಆಟ ಆಡ್ತೀನಿ ಸಾರ್, ಹೊತ್ತೋಗ್ಲಿ ಅಂತ. ಇಪ್ಪತ್ತಮೂರು ವರ್ಷ ಓಡ್ಸಿದ ರೋಡು. ನಾಯಂಡಹಳ್ಳಿ ಅಂತಾರೆ. ಅತ್ತಿಗುಪ್ಪೆ ಅಂತಾರೆ. ಆಮೇಲೆ ಯಾವುದು ಅಂದ್ರೆ, 'ಎಡಕ್ಕೆ ಗೋಡೆ, ಆಮೇಲೆ ಸೇತುವೆ' ಅಂತಾರೆ. ಅಲ್ಲಿ ಎಲ್ಲೈತ್ರೀ ಸೇತುವೆ?"

"ವಿಜಯನಗರ ಅಲ್ವೇನೇ," ಎನ್ನುತ್ತಾರೆ ಬೆಟ್ಟಯ್ಯ ತಡವಾಗಿ.

"ಇವತ್ತು ಹೇಳಿದ್ರಿ. ಸಾರ್ ಬಂದವ್ರೆ ಅಂತ."

ಬೆಟ್ಟಯ್ಯ ಅದನ್ನು ಅಲ್ಲಗಳೆಯುವುದಿಲ್ಲ. ಮನಸ್ಸಿನಲ್ಲಿ ರಸ್ತೆ ಅಂದರೆ ಈಗ ಆ ಹದಿನಾಲ್ಕು ತಿರುವಿನದೇ ಬರುತ್ತದೆ ಎನ್ನುತ್ತಾರೆ. ಹೊಸಹಳ್ಳಿಯ ಸಿಗ್ನಲ್ ಹೇಗಿತ್ತು, ಟೋಲ್‌ಗೇಟ್ ಹತ್ತಿರ ಹೂವಿನವಳು ಯಾವ ಬದಿ ಕೂರುತ್ತಿದ್ದಳು, ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹುಡುಕಿದಲ್ಲೆಲ್ಲ ಮರ, ಗೋಡೆ, ಖಾಲಿ ಗ್ಯಾಲರಿ.

"ಕೆಲ್ಸ ಉಳೀತು ಸಾರ್," ಎನ್ನುತ್ತಾರೆ. "ನಮ್ ರೋಡು ಹೋಯ್ತು."