ಒದ್ದೆ ಮರಳಿನ ಚಿಟ್ಟೆಗಳು

ನನ್ನ ಗಂಡನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ನನಗೆ ಚಿಟ್ಟೆ ಕಂಡರೆ ಹೊತ್ತುಗೊತ್ತಿಲ್ಲ. ಹಾಗಾಗಿ ಕಡಬದ ನಮ್ಮ ಮನೆಯ ಹಿಂದಿನ ಗುಡ್ಡೆಗೆ ನೀರಿನ ಪೈಪ್ ನೋಡಲು ಹೋದರೆ ಅವರು ಮುಂದೆ, ನಾನು ಹಿಂದೆ. ದೂರವಾದಾಗ ಒಬ್ಬರು ಕೂ ಹಾಕುವುದು, ಇನ್ನೊಬ್ಬರು ತಿರುಗಿ ಕೂ ಎನ್ನುವುದು. ಉತ್ತರ ಬಾರದಿದ್ದರೆ ಹುಡುಕಿಕೊಂಡು ಬರಬೇಕು. ಕಾಡಿನಂಚಿನ ನಮಗೆಲ್ಲ ಇದೇ ರೂಢಿ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಅವರು ಪೈಪಿನ ಬಾಯಿಗೆ ಸಿಕ್ಕಿದ ತರಗೆಲೆ ತೆಗೆಯಲು ಮೇಲಿನ ಒರತೆಯ ಹೊಂಡಕ್ಕೆ ಹೋದರು. ನಾನು ಕೆಳಗೆ ಹಳ್ಳದ ತೋಡಿನ ತಿರುವಿನಲ್ಲೇ ಉಳಿದೆ. ಮರಳಿನ ಮೇಲೆ ಬ್ಲೂಬಾಟಲ್ ಚಿಟ್ಟೆಗಳು ರಾಶಿ ಕೂತಿದ್ದವು. ಕಪ್ಪು ರೆಕ್ಕೆ, ನಡುವೆ ನೀಲಿ-ಹಸಿರು ಪಟ್ಟಿ. ನಮ್ಮ ಅಂಗಳದ ದಾಲ್ಚಿನ್ನಿ ಚಿಗುರನ್ನು ಮೇಯುವ ಹಸಿರು ಹುಳಗಳು ಬೆಳೆದು ಇವೇ ಆಗುತ್ತವೆ. ಒಂದು ಕಡೆ ನಿಲ್ಲುವ ಜಾತಿಯಲ್ಲ, ಉಪ್ಪಿನ ಆಸೆಗೆ ಮಾತ್ರ ಹೀಗೆ ಮೈಮರೆತು ಕೂರುತ್ತವೆ. ಹೆಚ್ಚಿನವು ಗಂಡುಗಳು, ಹೀರಿದ ಉಪ್ಪನ್ನು ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ. ಮೊಬೈಲ್ ಹಿಡಿದು ಕುಕ್ಕರುಗಾಲಲ್ಲಿ ಕೂತೆ.

ಆಗ ಹೊಳೆಯಿತು. ತೋಡು ಒಣಗಿ ತಿಂಗಳಾಗಿತ್ತು. ಈ ಮರಳು ಒದ್ದೆಯಾದದ್ದು ಹೇಗೆ?

ಮೂತ್ರದ ಘಾಟು ಮೂಗಿಗೆ ಬಡಿಯಿತು. ಪಕ್ಕದಲ್ಲೇ ಹರಿವಾಣ ಇಟ್ಟು ಒತ್ತಿದ ಹಾಗೆ ದುಂಡನೆಯ ಹೆಜ್ಜೆ. ಮುಂದೆ ಇನ್ನೊಂದು, ಮತ್ತೊಂದು, ಅವರು ಹೋದ ದಿಕ್ಕಿಗೇ. ಗುಂಡ್ಯದ ಕಾಡಿನ ಕಡೆಯಿಂದ ಆನೆ ಇಳಿದಿದೆ ಎಂದು ಸುದ್ದಿ ಇತ್ತು. ಅಂಥ ಸುದ್ದಿ ನಮ್ಮಲ್ಲಿ ಯಾವಾಗಲೂ ಇರುತ್ತದೆ.

ಅಷ್ಟರಲ್ಲಿ ಮೇಲಿನಿಂದ ಅವರ "ಕೂ..." ಕೇಳಿತು.

ಜೀವ ಬಾಯಿಗೆ ಬಂತು. ನಾನು ಕೂ ಎಂದರೆ ನಡುವೆ ಎಲ್ಲೋ ಇರುವ ಆನೆ ಬೆದರಿ ಯಾರ ಮೇಲೆ ನುಗ್ಗೀತೋ! ಸುಮ್ಮನಿದ್ದರೆ ಅವರು ನನ್ನನ್ನು ಹುಡುಕುತ್ತಾ ಅದರ ಎದುರಿಗೇ ಇಳಿದು ಬರುತ್ತಾರೆ. ಮತ್ತೊಮ್ಮೆ ಕೂ. ಆದದ್ದಾಗಲಿ ಎಂದು ಬಾಯಿ ತೆರೆದೆ. ಸ್ವರವೇ ಬರಲಿಲ್ಲ. ಚಿಟ್ಟೆಗಳು ತಮ್ಮ ಪಾಡಿಗೆ ಹೀರುತ್ತಲೇ ಇದ್ದವು. ಅವುಗಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಕೂತಲ್ಲಿಂದ ಏಳಲೂ ಆಗಲಿಲ್ಲ.

ಕೊನೆಗೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ, ಬೈಯುತ್ತಾ ಅವರು ಇಳಿದು ಬಂದರು. ಆ ಬೈಗುಳ ಕೇಳಿ ನನಗೆ ಅಳು ಬಂತು.

"ಎಂತ ಮಾರಾಯ್ತಿ, ಬಾಯಿ ಇಲ್ವಾ ನಿಂಗೆ? ಬಿದಿರು ಮುರ್ಕೊಂಡು ಹೊಂಡದ ಹತ್ತಿರದವರೆಗೆ ಬಂದಿಯಲ್ಲ ನೀನು. ನೀನೇ ಅಂತ ಎರಡು ಸಲ ಕೂ ಹಾಕಿದೆ. ಮಾತಾಡದೆ ತಿರುಗಿ ಹೋದದ್ದು ಎಂತಕ್ಕೆ?"

"ನಾನು ಇಲ್ಲಿಂದ ಎದ್ದೇ ಇಲ್ಲ ಮಾರಾಯ್ರೆ" ಎಂದು ಮರಳಿನ ಹೆಜ್ಜೆ ತೋರಿಸಿದೆ.

ಅವರು ಒಮ್ಮೆ ಹೆಜ್ಜೆ ನೋಡಿದರು, ಒಮ್ಮೆ ಮೇಲಿನ ಬಿದಿರು ನೋಡಿದರು. ಆಮೇಲೆ ನನ್ನ ಹೆಗಲು ಹಿಡಿದುಕೊಂಡು ಅಲ್ಲೇ ಕುಸಿದು ಕೂತರು.