ಪಿಳ್ಳಮ್ಮ ಹೇಳಿದ ಬೇರೆ ಕಥೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ವಯಸ್ಸಾದಂತೆ ನೆನಪು ಹೇಗೆ ಸವೆಯುತ್ತದೆ, ಸವೆದ ಜಾಗಕ್ಕೆ ಮನಸ್ಸು ಇಲ್ಲದ್ದನ್ನು ಹೇಗೆ ತಂದು ತುಂಬುತ್ತದೆ ಎಂದು ಅಧ್ಯಯನ ಮಾಡುವುದೇ ನನ್ನ ಕೆಲಸ. ವಿಚಿತ್ರ ಅನುಭವ ಹೇಳಿಕೊಂಡವರ ಮುಂದೆ ತಲೆಯಾಡಿಸಿ, ಆಮೇಲೆ ಮನೆಗೆ ಬಂದು ನಕ್ಕಿದ್ದೂ ಉಂಟು. ಈಗ ನಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ಕುಂದಲಹಳ್ಳಿಯ ಹಳೇ ಮನೆಗಳಿಗೆ ಹೋಗಿ ಎಪ್ಪತ್ತು ದಾಟಿದವರ ನೆನಪಿನ ಪರೀಕ್ಷೆ ಮಾಡುತ್ತಿದ್ದೆ. ಅವರಲ್ಲಿ ಪಿಳ್ಳಮ್ಮ ಒಬ್ಬರು. ಮನೆ ಟೆಕ್ ಪಾರ್ಕಿನ ಕಾಂಪೌಂಡಿಗೆ ಅಂಟಿಕೊಂಡಿತ್ತು. ಮರೆವು ಎಷ್ಟು ಮುಂದುವರಿದಿತ್ತೆಂದರೆ, ಹೆತ್ತ ಮಗನನ್ನೇ ‘ಯಾರಪ್ಪಾ ನೀನು’ ಎಂದು ಕೇಳುತ್ತಿದ್ದರು. ‘ಸುಮ್ನೆ ನಿಮ್ ಟೈಮ್ ವೇಸ್ಟು ಮೇಡಂ’ ಎಂದು ಸೊಸೆ ಮಂಜುಳಾ ಮೊದಲೇ ಹೇಳಿದ್ದಳು.

ಬೆಳಿಗ್ಗೆ ಹನ್ನೊಂದರ ಹೊತ್ತು. ನಾನು ಪರೀಕ್ಷೆಯ ಪುಟ್ಟ ಕಥೆ ಓದಿದೆ. ಒಬ್ಬ ಹೆಂಗಸು ತರಕಾರಿ ಚೀಲವನ್ನು ಬಸ್ಸಿನಲ್ಲೇ ಮರೆತು ಇಳಿಯುತ್ತಾಳೆ, ಕಂಡಕ್ಟರ್ ಕೂಗಿ ಕೊಡುತ್ತಾನೆ. ಇಪ್ಪತ್ತು ನಿಮಿಷ ಬಿಟ್ಟು ಅದನ್ನೇ ತಿರುಗಿ ಹೇಳಬೇಕು. ಅಷ್ಟೇ.

ಹೊತ್ತಾದ ಮೇಲೆ, ‘ಅಜ್ಜಿ, ಆಗ ನಾನು ಹೇಳಿದ ಕಥೆ ಹೇಳ್ತೀರಾ?’ ಎಂದೆ. ರೆಕಾರ್ಡರ್ ಆನ್ ಆಗಿತ್ತು.

ಪಿಳ್ಳಮ್ಮ ಬಾಗಿಲ ಕಡೆ ನೋಡುತ್ತಾ ಶುರು ಮಾಡಿದರು. ‘ಒಂದು ಹೆಣ್ಮಗಾ ಇತ್ತು. ಆಟದ ಪಾತ್ರೆಗೆ ನೀರು ಬೇಕು ಅಂತ ಸಂಪಿನ ಮುಚ್ಚಳ ಎತ್ತಿತು. ಯಾರೋ ಕರುದ್ರು, ಅಂಗೇ ಬಿಟ್ಟು ಓಡೋಯ್ತು. ತಮ್ಮ ಇತ್ತಲ್ಲ, ಚಿಕ್ಕದು, ಅದು ಬಿದ್ದೋಯ್ತು.’

ಅದು ನಾನು ಓದಿದ ಕಥೆಯಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಪ್ಪ ಕೆಲಸಕ್ಕಿದ್ದಾಗ ನಾವೊಂದು ವಠಾರದಲ್ಲಿ ಬಾಡಿಗೆಗಿದ್ದೆವು. ಅಲ್ಲಿನ ಸಂಪಿನೊಳಗೆ, ನೆಲದಡಿಯ ನೀರಿನ ತೊಟ್ಟಿಯೊಳಗೆ, ಬಿದ್ದು ನನ್ನ ಮೂರು ವರ್ಷದ ತಮ್ಮ ತೀರಿಕೊಂಡ. ನೀರು ಬಿಡುವವನು ತಗಡಿನ ಮುಚ್ಚಳ ಹಾಕದೆ ಹೋದ ಎಂದು ಎಲ್ಲರೂ ಅವನನ್ನೇ ಬೈದರು. ತೆಗೆದವಳು ನಾನು. ಆಗ ನನಗೆ ಎಂಟು ವರ್ಷ. ಅಲ್ಲಿಂದ ಮೂವತ್ತು ವರ್ಷ ಅದನ್ನು ಯಾರಿಗೂ, ಗಂಡನಿಗೂ, ಹೇಳಿರಲಿಲ್ಲ.

‘ಆಮೇಲೆ?’ ಎಂದೆ. ಪರೀಕ್ಷೆಯಲ್ಲಿ ಹಾಗೆ ಕೇಳುವಂತಿಲ್ಲ. ಕೇಳಿಬಿಟ್ಟೆ.

‘ಮುಚ್ಚಳ ತೆಗೆದಿರಾದ್ನ ಅವ್ರವ್ವ ಕಿಟಕೀಲಿ ನೋಡಿದ್ಲು. ಅನ್ನ ಬಸಿದು ಓಗಿ ಮುಚ್ಚಾನ ಅಂದ್ಕೊಂಡ್ಲು.’

ಅಷ್ಟು ಹೇಳಿ, ಏನೂ ಆಗದವರಂತೆ ಸೊಸೆಯನ್ನು ಕರೆದು ಕಾಫಿ ಕೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೂರು ಸಲ ರೆಕಾರ್ಡಿಂಗ್ ಕೇಳಿದೆ. ಒಂದೊಂದು ಮಾತೂ ಇತ್ತು. ಸಂಪಿಗೆ ಮಕ್ಕಳು ಬೀಳುವುದು ನಮ್ಮ ಕಡೆ ಹೊಸದಲ್ಲ, ಎಲ್ಲೋ ಕೇಳಿದ ಸುದ್ದಿ ಈಗ ಬಾಯಿಗೆ ಬಂದಿರಬೇಕು ಎಂದು ನನಗೆ ನಾನೇ ವಿವರಿಸಿಕೊಂಡೆ. ಆದರೆ ಕಿಟಕಿ, ಅನ್ನ? ಅವು ನನಗೇ ಗೊತ್ತಿರಲಿಲ್ಲ.

ಅಮ್ಮ ನನ್ನ ಜೊತೆಗೇ ಹೆಬ್ಬಗೋಡಿಯಲ್ಲಿ ಇದ್ದಾಳೆ. ಅವತ್ತು ಸಂಜೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು, ‘ಅಮ್ಮ, ಅವತ್ತು ನೀನು ಕಿಟಕಿಯಿಂದ ನೋಡಿದ್ಯಾ?’ ಎಂದು ಕೇಳಿದೆ. ಯಾವತ್ತು ಎಂದು ಹೇಳಲಿಲ್ಲ.

‘ಅನ್ನ ಬಸೀತಿದ್ದೆ ಕಣೇ,’ ಎಂದಳು. ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು, ‘ನಿಂಗ್ಯಾರು ಹೇಳಿದ್ರು? ನಿಮ್ಮಪ್ಪಂಗೂ ಹೇಳಿಲ್ಲ ನಾನು.’

ಎಲ್ಲವನ್ನೂ ಹೇಳಿದೆ, ಮುಚ್ಚಳದ ವಿಷಯವನ್ನೂ. ಅಮ್ಮ ಬೈಯಲಿಲ್ಲ, ಅಳಲಿಲ್ಲ. ಕೊನೆಗೆ, ‘ಆ ಅಜ್ಜಿ ಮಗೂ ಬಗ್ಗೆ ಇನ್ನೇನಾದ್ರೂ ಅಂದ್ರಾ?’ ಎಂದಷ್ಟೇ ಕೇಳಿದಳು. ಇಲ್ಲ ಎಂದೆ. ‘ನನ್ನ ಕರ್ಕೊಂಡು ಹೋಗು,’ ಎಂದಳು.

ನಾವು ಹೋಗುವಷ್ಟರಲ್ಲಿ ಪಿಳ್ಳಮ್ಮನವರ ಮಾತು ನಿಂತುಹೋಗಿತ್ತು. ಪೀಣ್ಯದ ಕಡೆ ಯಾರಾದರೂ ನೆಂಟರಿದ್ದಾರಾ ಎಂದು ಮಂಜುಳಾಳನ್ನು ಕೇಳಿದೆ. ‘ಅತ್ತೆ ಇಲ್ಲೇ ಪಕ್ಕದ ಮಾರತ್ತಹಳ್ಳಿ ದಾಟಿದ್ದೇ ಕಮ್ಮಿ ಮೇಡಂ,’ ಎಂದಳು. ಅಮ್ಮ ಮಂಚದ ಅಂಚಿಗೆ ಕೂತು ಆ ಮುದುಕಿಯ ಕೈ ಹಿಡಿದುಕೊಂಡಳು. ಒಂದು ಗಂಟೆ ಹಾಗೇ ಕೂತಿದ್ದಳು. ಒಂದು ಸಲ ಅಮ್ಮನ ತುಟಿ ಅಲ್ಲಾಡಿದ್ದನ್ನು ಕಂಡೆ.

ಏನು ಕೇಳಿದಳೋ, ಏನಾದರೂ ಉತ್ತರ ಸಿಕ್ಕಿತೋ, ನನಗೆ ಗೊತ್ತಿಲ್ಲ. ಅವಳು ಹೇಳಿಲ್ಲ. ಕೇಳಲು ನನಗೆ ಧೈರ್ಯವಾಗಿಲ್ಲ.