ಕಿವಿಗೆ ಹಿಡಿದ ಪೆಟ್ಟಿಗೆ

ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು ಕೊಬ್ಬರಿ ವ್ಯಾಪಾರಿ. ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಮಾತ್ರ ಸುಲಿಸುತ್ತಿದ್ದರು.

ನಾನು ಕ್ಯಾಮೆರಾದೊಂದಿಗೆ ವಿಮಾನದಲ್ಲಿ ದೆಹಲಿಗೆ ಹೊರಟಾಗ, ಒಮ್ಮೆಯೂ ವಿಮಾನ ಹತ್ತದ ಅವರು ಕರೆಯದೆಯೇ ನಮ್ಮ ಮನೆಗೆ ಬಂದರು. ಲೆನ್ಸು ಬಿಚ್ಚಿಸಿ, ಎರಡನ್ನೂ ತಮ್ಮ ತೀರಿಹೋದ ಹೆಂಡತಿಯ ಹತ್ತಿ ಸೀರೆಗಳಲ್ಲಿ ಬೇರೆಬೇರೆಯಾಗಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು.

"ಲಗೇಜಿಗೆ ಹಾಕ್ಬೇಡಿ, ಕೈಲೇ ಇರ್ಲಿ. ಕಾಯಲ್ಲಿ ಸದ್ದು ಬರ್ಬೇಕು, ಇದ್ರಲ್ಲಿ ಬರಬಾರ್ದು ಕಣ್ರೀ" ಎಂದು ಮತ್ತೆ ಮತ್ತೆ ಹೇಳಿದರು.

ಕೊನೆಗೆ ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಆದರೂ ಕೆಳಗಿಡದೆ ಕೇಳುತ್ತಲೇ ನಿಂತರು.

"ಸರಿಯಾಯ್ತಲ್ವಾ?" ಎಂದೆ.

"ಸರಿಯಾಗೈತೆ" ಎಂದರು. "ನಮ್ಮನೇನೂ ಈಗ ಹಿಂಗೇ ಐತೆ ಕಣ್ರೀ."